ಕಿಸ್ತಿನ ಗಾಡಿ ಯಾರದು?

ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ನಮ್ಮ ಭಾಗದವರಿಗೆ ಗೊತ್ತಿರುವುದೇ. ಮೆಡೋಸ್ ಟೇಲರನನ್ನು ನಾವು ಕಾದಂಬರಿಕಾರನೆಂದು ನೆನೆಯುತ್ತೇವೆ. ಅವನು ಇಲ್ಲಿ ಮಾಡಿದ ಕೆಲಸಕ್ಕೆ ಇನ್ನೊಂದು ಮುಖವೂ ಇದೆ. 1840ರ ದಶಕದ ಆರಂಭದಲ್ಲಿ ಸಂಸ್ಥಾನ ಬಾಕಿಯಲ್ಲಿ ಮುಳುಗಿತ್ತು. ರಾಜ ವೆಂಕಟಪ್ಪ ನಾಯಕ ಇನ್ನೂ ಹುಡುಗ. ಸಂಸ್ಥಾನವನ್ನು ತುಂಡು ಮಾಡಿ ಹರಾಜು ಹಾಕಲಿಲ್ಲ. ಲೆಕ್ಕಪತ್ರ, ಕಂದಾಯ ಹೊರಗಿನವನೊಬ್ಬನ ಕೈಗೆ ಹೋಯಿತು. 1853ರಲ್ಲಿ ಆಡಳಿತ ಮರಳಿ ರಾಜನಿಗೆ ಸಿಕ್ಕಿತು. ಆ ಹೊರಗಿನವನ ಯಜಮಾನರಿಗೆ ತಮ್ಮದೇ ಹಿತಾಸಕ್ತಿ ಇತ್ತೆಂಬುದು 1858ರ ಹೊತ್ತಿಗೆ ಎಲ್ಲರಿಗೂ ತಿಳಿಯಿತು, ಆ ಮಾತು ಬೇರೆ.

ಇಂದು ಮುಳುಗುವ ಕಂಪನಿಗೆ 2016ರ ದಿವಾಳಿ ಸಂಹಿತೆ ಮಾಡುವುದೂ ಸುಮಾರಾಗಿ ಇದನ್ನೇ. ಯಾದಗಿರಿಯಲ್ಲಿ ಹತ್ತಿ, ಭತ್ತ ಸಾಗಿಸುವ ಒಂದು ಕಂಪನಿ ಇದೆ, ಅದರ ಇಪ್ಪತ್ತು ಲಾರಿಗಳೂ ಫೈನಾನ್ಸಿನವು ಎಂದಿಟ್ಟುಕೊಳ್ಳೋಣ. ಕಿಸ್ತು ನಿಂತಿತು. ಕಂಪನಿ ನ್ಯಾಯಮಂಡಳಿಯ ಮುಂದೆ ಬಂದು ಅರ್ಜಿ ಅಂಗೀಕಾರವಾದ ದಿನದಿಂದ ಯಾರೂ ಲಾರಿಯನ್ನು ಎಳೆದೊಯ್ಯುವಂತಿಲ್ಲ. ಬಾಡಿಗೆಗೆ ಕೊಟ್ಟ ಮಾಲೀಕನಿಗೂ ಇದೇ ತಡೆ. ಲಾರಿ ಓಡಿದರೆ ತಾನೇ ಕಂಪನಿ ಉಳಿಯುವುದು! ಸಾಲ ಕೊಟ್ಟವರು ತಮ್ಮ ಬಾಕಿಯನ್ನು ಬರೆದುಕೊಟ್ಟು ಕಾಯಬೇಕು. ಅದಕ್ಕೆ 330 ದಿನಗಳ ಮಿತಿ ಇದೆ. ಉಳಿಸುವ ದಾರಿ ಕಾಣದೆ ಕಂಪನಿಯನ್ನು ಮುಚ್ಚಬೇಕಾಗಿ ಬಂದರೆ ಆಗ ಅಡಮಾನದ ಲಾರಿಯನ್ನು ಮಾರಿಕೊಳ್ಳಬಹುದು. ಆದರೆ ಆ ಹಕ್ಕು ಕಂಪನಿ ರಿಜಿಸ್ಟ್ರಾರರಲ್ಲಿ ದಾಖಲಾಗಿರಬೇಕು.

ಇದು ಹೊಸ ಜಗಳವಲ್ಲ. ಉದ್ರಿ ಮಾರಿದ ಮಾಲು ದಿವಾಳಿಯಾದವನ ಬಳಿ ಹಾಗೆಯೇ ಉಳಿದಿದ್ದರೆ ಅದು ಮಾರಿದವನಿಗೆ ಮೊದಲು ಸಲ್ಲಬೇಕೆಂದು ಇಮಾಮ್ ಮಾಲಿಕ್, ಶಾಫಿ, ಅಹ್ಮದ್ ಅವರು ಹದೀಸಿನ ಆಧಾರದಲ್ಲಿ ಹೇಳಿದರು. ಇಮಾಮ್ ಅಬೂ ಹನೀಫಾ ಒಪ್ಪಲಿಲ್ಲ. ಮಾಲು ಕೈದಾಟಿದ ಮೇಲೆ ಅದು ಕೊಂಡವನದೇ. ಮಾರಿದವನು ಉಳಿದ ಸಾಲ ಕೊಟ್ಟವರ ಸಾಲಿನಲ್ಲಿ ಸಮನಾಗಿ ನಿಲ್ಲಬೇಕು ಎಂದರು. ನಮ್ಮ ಕಡೆಯ ಹೆಚ್ಚಿನವರು ಹನಫಿಗಳು. ಫೈನಾನ್ಸ್ ಕಂಪನಿಗಳಿಗೆ ರುಚಿಸುವುದು ಮಾತ್ರ ಮೊದಲ ಮೂವರ ಮಾತು.

ಭಾರತದಲ್ಲಿ ಕಿಸ್ತು ಖರೀದಿಗೆಂದೇ 1972ರಲ್ಲಿ ಒಂದು ಕಾಯ್ದೆ ಆಯಿತು. ಅದು ಜಾರಿಗೇ ಬರಲಿಲ್ಲ, 2005ರಲ್ಲಿ ರದ್ದಾಯಿತು. ಹಾಗಾಗಿ ಆರ್.ಸಿ. ಪುಸ್ತಕದಲ್ಲಿ ಬರೆಯುವ ಫೈನಾನ್ಸಿನವರ ಹೆಸರು, ಮತ್ತು ಯಾರೂ ಓದದೆ ರುಜು ಹಾಕುವ ಕರಾರು, ಇವುಗಳ ಮೇಲೆಯೇ ವ್ಯವಹಾರ ನಡೆದುಬಂದಿದೆ.

ದೊಡ್ಡ ಗಾಡಿಗಳ ಕತೆ ನೋಡಿ. 2012ರಲ್ಲಿ ಬೆಂಗಳೂರಿನ ಕಿಂಗ್‌ಫಿಷರ್ ನೆಲಕಚ್ಚಿದಾಗ ಈ ಸಂಹಿತೆ ಇರಲಿಲ್ಲ. ವಿಮಾನ ಬಾಡಿಗೆಗೆ ಕೊಟ್ಟವರು ಅವನ್ನು ಬಿಡಿಸಿಕೊಳ್ಳಲು ಓಡಾಡಿದರು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ದಿವಾಳಿ ಅರ್ಜಿ ಹಾಕಿದಾಗ ಸಂಹಿತೆ ಇತ್ತು, ವಿಮಾನಗಳು ನಿಂತಲ್ಲೇ ಸಿಕ್ಕಿಬಿದ್ದವು. ವಿದೇಶಿ ಬಾಡಿಗೆದಾತರು ಗದ್ದಲ ಎಬ್ಬಿಸಿದರು. ಅದೇ ಅಕ್ಟೋಬರ್ 3ರಂದು ಕೇಂದ್ರ ಸರ್ಕಾರ ವಿಮಾನಗಳನ್ನು ಈ ತಡೆಯಿಂದ ಹೊರಗಿಟ್ಟಿತು. 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟು 54 ವಿಮಾನಗಳ ನೋಂದಣಿ ರದ್ದು ಮಾಡಲು ಆದೇಶಿಸಿತು. 2025ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆಯೂ ಬಂತು. ಐದು ತಿಂಗಳಲ್ಲಿ ಸರ್ಕಾರ ಕಿವಿಗೊಟ್ಟ ಈ ವೇಗವನ್ನು ನಾವು ಬೇರೆಡೆ ಕಾಣುವುದು ಅಪರೂಪ.

ಇನ್ನು ಶಹಾಪುರದಲ್ಲಿ ಒಂದೇ ಲಾರಿ ಇಟ್ಟುಕೊಂಡು, ತಾನೇ ಸ್ಟೇರಿಂಗ್ ಹಿಡಿಯುವವನ ಮಾತು. ಕೆಎ-33ರ ಆ ಗಾಡಿ ಕಂಪನಿಯ ಹೆಸರಿನಲ್ಲಿಲ್ಲ, ಅವನದೇ ಹೆಸರಿನಲ್ಲಿದೆ. ವ್ಯಕ್ತಿಗಳ ಸಾಲಕ್ಕೂ ಮುದ್ದತ್ತು ಕೊಡುವ ಭಾಗ ಸಂಹಿತೆಯಲ್ಲಿ ಅಚ್ಚಾಗಿದೆ. ಆದರೆ 2019ರ ಡಿಸೆಂಬರ್‌ನಲ್ಲಿ ಅದು ಜಾರಿಯಾದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಬಲಾಢ್ಯರನ್ನು ಕಳಿಸಿ ವಾಹನ ಕಿತ್ತುಕೊಳ್ಳಬಾರದೆಂದು ಸುಪ್ರೀಂ ಕೋರ್ಟು 2007ರಲ್ಲಿ ಹೇಳಿದ್ದೇ ಅವನಿಗಿರುವ ಆಸರೆ. ಅದು ಗಾಡಿ ಒಯ್ಯುವ ರೀತಿಯನ್ನು ತಿದ್ದುತ್ತದೆ; ಮಳೆ ಕೈಕೊಟ್ಟು ಹತ್ತಿ ಬಾರದ ವರ್ಷ ಆರು ತಿಂಗಳು ತಾಳಿರಿ ಎಂದು ಫೈನಾನ್ಸಿನವರಿಗೆ ಹೇಳುವುದಿಲ್ಲ.