ದೇವರ ಹೆಸರಿಲ್ಲದ ಮದುವೆಗೆ ಯಾವ ಹಾಡು?

ಪುರೋಹಿತರಿಲ್ಲದೆ ಮದುವೆಗಳು ನಡೆದಿವೆ, ಪಾದ್ರಿಯಿಲ್ಲದೆಯೂ ನಡೆದಿವೆ. ಆದರೆ ಹಾಡಿಲ್ಲದ ಮದುವೆಯನ್ನು ಯಾವ ನಾಡಿನ ಜನರೂ ಮನಸಾರೆ ಒಪ್ಪಿಕೊಂಡಂತಿಲ್ಲ. ಇಲ್ಲಿ ಹಾಡು ಎಂದರೆ ಒಬ್ಬರು ಹಾಡಿ ಉಳಿದವರು ತಲೆದೂಗುವ ಕಛೇರಿಯಲ್ಲ, ಹತ್ತಾರು ಜನ ದನಿಗೂಡಿಸುವ ಮೇಳದ ಹಾಡು.

ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮ ಪೀಳಿಗೆಯ ಮಕ್ಕಳು ಮದುವೆಯಾಗುತ್ತಿರುವ ಕಾಲವಿದು. ಕೆಲವರು ಒಂದು ದಿನ ಧಾರೆ, ಇನ್ನೊಂದು ದಿನ ರಿಜಿಸ್ಟ್ರಾರ್ ಎಂದು ಎರಡು ಸಲ ಮದುವೆಯಾಗುತ್ತಾರೆ. ಬೇರೆ ಧರ್ಮದವರನ್ನೋ ಧರ್ಮವನ್ನೇ ನಂಬದವರನ್ನೋ ವರಿಸಿದ ಕೆಲವರಿಗೆ ರಿಜಿಸ್ಟ್ರಾರ್ ಮುಂದಿನ ಸಿವಿಲ್ ಮದುವೆಯೊಂದೇ ಮದುವೆ. ಆ ಇಪ್ಪತ್ತು-ಮೂವತ್ತು ನಿಮಿಷಗಳಲ್ಲಿ ಊರಿನಿಂದ ಬಂದ ಅಜ್ಜಿ ಸೋಬಾನೆ ಹಾಡಬಹುದೇ? ಮದುವೆ ಮನೆಗಳಲ್ಲಿ ಈ ಪ್ರಶ್ನೆ ನನ್ನ ಕಿವಿಗೆ ಹಲವು ಬಾರಿ ಬಿದ್ದಿದೆ. ಉತ್ತರ ಹುಡುಕಲು ಸುಮಾರು ಇನ್ನೂರು ವರ್ಷಗಳ ಹಿಂದಕ್ಕೆ ಹೋಗಬೇಕು.

ಮೇಳವೇ ಸಾಕ್ಷಿ

ಅದಕ್ಕೂ ಮೊದಲು ಇನ್ನೂ ಹಿಂದಿನ ಒಂದು ಮಾತು. ಪ್ರಾಚೀನ ಗ್ರೀಸಿನಲ್ಲಿ ಮದುವೆ ದೇವಾಲಯದೊಳಗೆ ನಡೆಯುವ ಕ್ರಿಯೆಯಾಗಿರಲಿಲ್ಲ. ವಧುವನ್ನು ದೀವಟಿಗೆಗಳ ಬೆಳಕಿನಲ್ಲಿ ಬೀದಿಯಲ್ಲಿ ವರನ ಮನೆಗೆ ಕರೆದೊಯ್ಯುತ್ತಿದ್ದರು, ಜೊತೆಗಿದ್ದವರು ‘ಹಿಮೆನಾಯೋಸ್’ ಎಂಬ ಮದುವೆಯ ಹಾಡು ಹಾಡುತ್ತಿದ್ದರು. ಹೋಮರನ ಇಲಿಯಡ್ ಕಾವ್ಯದಲ್ಲಿ ಅಖಿಲೀಸನ ಗುರಾಣಿಯ ಮೇಲೆ ಇಂಥದೇ ಮೆರವಣಿಗೆಯ ಚಿತ್ರವಿದೆ. ಥಿಯೋಕ್ರಿಟಸ್ ಕವಿ ಹೆಲೆನಳ ಮದುವೆಯನ್ನು ಬಣ್ಣಿಸುವಾಗ ಸ್ಪಾರ್ಟಾದ ಹನ್ನೆರಡು ಕನ್ಯೆಯರು ಶಯನಗೃಹದ ಬಾಗಿಲಲ್ಲಿ ನಿಂತು ಹಾಡುತ್ತಾರೆ. ಈ ಹಾಡುಗಳಲ್ಲಿ ದೇವತೆಗಳ ಹೆಸರು ಬರುತ್ತಿತ್ತು, ನಿಜ. ಆದರೆ ಹಾಡು ಮಾಡುತ್ತಿದ್ದ ಕೆಲಸ ಲೌಕಿಕವಾದದ್ದು. ಇಂಥವಳು ಇಂಥವನ ಮನೆಗೆ ಹೋದಳು ಎಂಬುದು ಇಡೀ ಬೀದಿಗೆ ಗೊತ್ತಾಗುತ್ತಿತ್ತು. ರಿಜಿಸ್ಟರ್ ಪುಸ್ತಕವಿಲ್ಲದ ಕಾಲದಲ್ಲಿ ಮೇಳವೇ ಸಾಕ್ಷಿ.

ನಮ್ಮ ಸೋಬಾನೆಯ ಕೆಲಸವೂ ಅದೇ. ‘ಶೋಭನ’ದಿಂದ ಬಂದ ಈ ಹೆಸರಿನ ಹಾಡುಗಳನ್ನು ಹೆಂಗಸರು ಗುಂಪಾಗಿ, ಒಂದು ಕಡೆಯವರು ಎತ್ತಿಕೊಟ್ಟರೆ ಇನ್ನೊಂದು ಕಡೆಯವರು ತಿರುಗಿ ಹೇಳುತ್ತ ಹಾಡುತ್ತಾರೆ. ಅರಿಶಿನಕ್ಕೊಂದು, ಧಾರೆಗೊಂದು, ಹೆಣ್ಣೊಪ್ಪಿಸುವುದಕ್ಕೊಂದು. ಪುರೋಹಿತರ ಮಂತ್ರ ವಧೂವರರಿಗೆ, ಸೋಬಾನೆ ನೆರೆದವರಿಗೆ.

1836: ಮದುವೆ ಕಚೇರಿಗೆ ಬಂದದ್ದು

ಇಂಗ್ಲೆಂಡಿನಲ್ಲಿ 1754ರಿಂದ ಕ್ವೇಕರರು ಮತ್ತು ಯಹೂದಿಗಳನ್ನು ಬಿಟ್ಟು ಉಳಿದವರೆಲ್ಲರೂ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು. ಕ್ಯಾಥೊಲಿಕರಿಗೂ ಬ್ಯಾಪ್ಟಿಸ್ಟರಿಗೂ ಬೇರೆ ದಾರಿಯಿರಲಿಲ್ಲ. ಅದನ್ನು ಬದಲಿಸಿದ್ದು 1836ರ ವಿವಾಹ ಕಾಯ್ದೆ. 1837ರಿಂದ ಅವರು ತಮ್ಮ ತಮ್ಮ ಪ್ರಾರ್ಥನಾ ಮಂದಿರಗಳನ್ನು ಮದುವೆಗಾಗಿ ನೋಂದಾಯಿಸಬಹುದಾಯಿತು. ಯಾವ ಧರ್ಮವೂ ಬೇಡವೆನ್ನುವವರಿಗೆ ರಿಜಿಸ್ಟರ್ ಕಚೇರಿ ತೆರೆಯಿತು.

ವೈದ್ಯನಾದ ನನಗೆ ಈ ವರ್ಷ ಇನ್ನೊಂದು ಕಾರಣಕ್ಕೆ ಪರಿಚಿತ. ಜನನ-ಮರಣ ನೋಂದಣಿಯ ಕಾಯ್ದೆಯೂ 1836ರದೇ. ವಿಲಿಯಂ ಫಾರ್ ಆ ಮರಣದ ಲೆಕ್ಕಗಳನ್ನು ವಿಂಗಡಿಸಿ ಸಾರ್ವಜನಿಕ ಆರೋಗ್ಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದ. ಹುಟ್ಟು, ಮದುವೆ, ಸಾವು ಮೂರೂ ಒಂದೇ ಇಲಾಖೆಯ ಪುಸ್ತಕಗಳಿಗೆ ಸೇರಿದವು. ಲೆಕ್ಕವೇನೋ ಅಚ್ಚುಕಟ್ಟಾಯಿತು. ಆದರೆ ಆ ಕಚೇರಿಯಲ್ಲಿ ಹಾಡಿಗೆ ಜಾಗವಿರಲಿಲ್ಲ. 1856ರ ತಿದ್ದುಪಡಿ ರಿಜಿಸ್ಟರ್ ಕಚೇರಿಯ ಮದುವೆಯಲ್ಲಿ ಯಾವುದೇ ಧಾರ್ಮಿಕ ವಿಧಿ ಇರಕೂಡದೆಂದು ಹೇಳಿತು, 1949ರ ಕಾಯ್ದೆಯೂ ಅದನ್ನೇ ಉಳಿಸಿಕೊಂಡಿತು. ಮದುವೆಯ ಮೇಳಗಾನವೆಂದರೆ ಅಂದಿನ ಇಂಗ್ಲೆಂಡಿನಲ್ಲಿ ಬಹುಪಾಲು ಚರ್ಚಿನ ಸ್ತೋತ್ರವೇ. ಸ್ತೋತ್ರ ಹೊರಗೆ ಹೋದಾಗ ಅದರ ಜೊತೆ ಮೇಳವೂ ಹೊರಗೆ ಹೋಯಿತು.

ಆ ಜಾಗಕ್ಕೆ ಸರ್ಕಾರವೇ ಹೊಸ ಹಾಡು ಕೊಡಬಹುದಿತ್ತಲ್ಲ ಎನ್ನಬಹುದು. ಪಕ್ಕದ ಫ್ರಾನ್ಸ್ ಆ ಪ್ರಯೋಗವನ್ನೂ ಮಾಡಿ ನೋಡಿತ್ತು. ಅಲ್ಲಿ 1792ರಲ್ಲೇ ಸಿವಿಲ್ ಮದುವೆ ಕಾನೂನಾಯಿತು. 1795ರ ಕಾಯ್ದೆಯೊಂದು ಏಳು ರಾಷ್ಟ್ರೀಯ ಹಬ್ಬಗಳನ್ನು ಗೊತ್ತುಮಾಡಿದಾಗ ಅದರಲ್ಲಿ ‘ದಂಪತಿಗಳ ಹಬ್ಬ’ವೂ ಒಂದಾಗಿತ್ತು. ಕ್ರಾಂತಿಯ ಹಬ್ಬಗಳೆಂದರೆ ಬಯಲಿನಲ್ಲಿ ದೊಡ್ಡ ಮೇಳಗಳು ಹಾಡುವ ಗಣರಾಜ್ಯದ ಗೀತೆಗಳು. ನೆಪೋಲಿಯನ್ನನ ಕಾಲಕ್ಕೆ ಆ ಹಬ್ಬ ಮರೆತೇಹೋಯಿತು. ಸುತ್ತೋಲೆಯಿಂದ ಹಬ್ಬ ಮಾಡಿಸಬಹುದು, ಅಜ್ಜಿಯಿಂದ ಮೊಮ್ಮಗಳಿಗೆ ದಾಟುವ ಹಾಡನ್ನು ಹುಟ್ಟಿಸುವುದು ಕಷ್ಟ.

ರಂಗಭೂಮಿಯಿಂದ ಬಂದ ಮಂಗಳವಾದ್ಯ

ಇಲ್ಲೊಂದು ತಮಾಷೆಯಿದೆ. ಇಂದು ಜಗತ್ತೆಲ್ಲ ‘ಚರ್ಚ್ ಮದುವೆಯ ಸಂಗೀತ’ ಎಂದುಕೊಂಡಿರುವ ಎರಡು ಕೃತಿಗಳೂ ಚರ್ಚಿನವಲ್ಲ, ನಾಟಕದವು. ಮೆಂಡೆಲ್‌ಸೋನ್‌ನ ವಿವಾಹ ನಡಿಗೆಯನ್ನು ಬರೆದದ್ದು ಷೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕಕ್ಕೆ. 1843ರಲ್ಲಿ ಪಾಟ್ಸ್‌ಡಾಮ್‌ನಲ್ಲಿ ಆ ಪ್ರಯೋಗ ನಡೆಯಿತು. 1858ರಲ್ಲಿ ವಿಕ್ಟೋರಿಯಾ ರಾಣಿಯ ಹಿರಿಯ ಮಗಳ ಮದುವೆಯಲ್ಲಿ ನುಡಿಸಿದ ಮೇಲೆ ಅದು ಮನೆಮಾತಾಯಿತು.

ವಧು ಒಳಬರುವಾಗ ನುಡಿಸುವ ಇನ್ನೊಂದು ಕೃತಿ ವಾಗ್ನರನ ‘ಲೋಹೆನ್‌ಗ್ರಿನ್’ ಒಪೆರಾದ ವಧೂಗೀತೆ. 1850ರ ಆಗಸ್ಟ್ 28ರಂದು ವೈಮಾರ್‌ನಲ್ಲಿ ಲಿಸ್ಟ್ ಅದನ್ನು ಮೊದಲು ನಡೆಸಿದ. ದೇಶಭ್ರಷ್ಟನಾಗಿದ್ದ ವಾಗ್ನರ್ ಆ ದಿನ ಅಲ್ಲಿರಲಿಲ್ಲ. ಮೂಲದಲ್ಲಿ ಅದು ಮೇಳಗಾನ, ಮದುವೆ ಮುಗಿದ ಮೇಲೆ ವಧೂವರರನ್ನು ಶಯನಗೃಹಕ್ಕೆ ಕರೆತರುವಾಗ ಹಾಡುವುದು. ಗ್ರೀಕರ ಹನ್ನೆರಡು ಕನ್ಯೆಯರ ದೂರದ ನೆಂಟ ಎನ್ನಬಹುದು. ಕಥೆಯಲ್ಲಿ ಆ ದಾಂಪತ್ಯ ಅದೇ ರಾತ್ರಿ ಮುರಿದುಬೀಳುತ್ತದೆ, ಆ ಮಾತು ಬೇರೆ. ನಾವು ಗಮನಿಸಬೇಕಾದದ್ದು ಇಷ್ಟು: ಮೇಳದ ಹಾಡು ಆರ್ಗನ್ನಿನ ಸ್ವರವಾಗಿ ಉಳಿಯಿತು, ಹಾಡುವವರು ಮಾಯವಾದರು.

1995 ಮತ್ತು 2005

1994ರ ವಿವಾಹ ಕಾಯ್ದೆ ಮರುವರ್ಷ ಜಾರಿಗೆ ಬಂದಾಗ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಪರವಾನಗಿ ಪಡೆದ ಹೋಟೆಲು, ಬಂಗಲೆಗಳಲ್ಲೂ ಸಿವಿಲ್ ಮದುವೆ ಸಾಧ್ಯವಾಯಿತು. ದೊಡ್ಡ ಕೋಣೆ, ನೂರು ಜನ, ಪಿಯಾನೊ, ಹಾಡುವ ಆಸೆ ಎಲ್ಲವೂ ಬಂದವು. ಧಾರ್ಮಿಕತೆಯ ಮೇಲಿನ ನಿಷೇಧವೂ ಜೊತೆಗೇ ಬಂತು. ಜನಪ್ರಿಯ ಹಾಡಿನಲ್ಲಿ ‘ದೇವದೂತ’ ಎಂಬ ಪದವಿದ್ದರೂ ಅದು ಧಾರ್ಮಿಕವೇ ಎಂದು ತಲೆ ಕೆಡಿಸಿಕೊಳ್ಳುವ ಸ್ಥಿತಿ.

2005ರ ನಿಯಮಗಳು ಇದನ್ನು ಸಡಿಲಿಸಿದವು. ಸ್ತೋತ್ರ, ಮಂತ್ರಪಠಣ, ಧರ್ಮಗ್ರಂಥದ ಭಾಗ, ಪೂಜಾವಿಧಿ ಇವು ಈಗಲೂ ಕೂಡದು. ಆದರೆ ಒಟ್ಟಾರೆ ಲೌಕಿಕವಾದ ಹಾಡಿನಲ್ಲಿ ಪ್ರಾಸಂಗಿಕವಾಗಿ ದೇವರ ಹೆಸರು ಬಂದರೆ ಅಡ್ಡಿಯಿಲ್ಲ. ಮೇಳಗಳಿಗೆ ಬಾಗಿಲು ತೆರೆದದ್ದು ಹೀಗೆ.

ಲೌಕಿಕ ಯಾವುದು, ಧಾರ್ಮಿಕ ಯಾವುದು ಎಂಬ ಗೆರೆ ಎಷ್ಟು ತೆಳುವೆಂಬುದಕ್ಕೆ ಒಂದು ಉದಾಹರಣೆ. 2018ರ ಮೇ 19ರಂದು ವಿಂಡ್ಸರ್‌ನಲ್ಲಿ ರಾಜಕುಮಾರ ಹ್ಯಾರಿಯ ಮದುವೆ ನಡೆದಾಗ ಕ್ಯಾರೆನ್ ಗಿಬ್ಸನ್ ನೇತೃತ್ವದ ಕಿಂಗ್‌ಡಮ್ ಕ್ವಯರ್ ‘ಸ್ಟ್ಯಾಂಡ್ ಬೈ ಮಿ’ ಹಾಡಿತು. ಬೆನ್ ಇ. ಕಿಂಗ್ 1961ರಲ್ಲಿ ಹೊರತಂದ ಪ್ರೇಮಗೀತೆಯದು, ಅದರ ಹಿಂದೆ ಕರಿಯರ ಚರ್ಚಿನ ಹಳೆಯ ಭಕ್ತಿಗೀತೆಯ ನೆರಳಿದೆ. ಅಂದರೆ ಭಕ್ತಿಗೀತೆ ಪ್ರೇಮಗೀತೆಯಾಗಿ ಚರ್ಚಿಗೆ ಮರಳಿತು! ಅದನ್ನೇ ರಿಜಿಸ್ಟ್ರಾರ್ ಮುಂದೆ ಹಾಡಿದರೂ ಯಾರೂ ತಡೆಯುವಂತಿಲ್ಲ.

ನಮ್ಮ ನಾಡಿನ ಅನುಭವ

ಭಾರತದ ಕಾನೂನು ಈ ವಿಷಯದಲ್ಲಿ ಉದಾರಿ. 1954ರ ವಿಶೇಷ ವಿವಾಹ ಕಾಯ್ದೆ ವಧೂವರರು ತಮಗಿಷ್ಟವಾದ ಯಾವ ರೀತಿಯಲ್ಲಾದರೂ ಮದುವೆಯಾಗಲಿ ಎನ್ನುತ್ತದೆ. ಮೂವರು ಸಾಕ್ಷಿಗಳು ಮತ್ತು ಅಧಿಕಾರಿಯ ಎದುರು ಪರಸ್ಪರ ಒಪ್ಪಿಗೆಯ ಮಾತು ಹೇಳಿದರೆ ಸಾಕು. ಹಾಡಬೇಡಿ ಎಂದು ಎಲ್ಲೂ ಇಲ್ಲ. ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸೋಬಾನೆ ಕೇಳಿದವರು ಎಷ್ಟು ಮಂದಿ?

ಕುವೆಂಪು ಅವರ ‘ಮಂತ್ರ ಮಾಂಗಲ್ಯ’ ಬೇರೊಂದು ದಾರಿ ತೋರಿಸಿತು. 1966ರಲ್ಲಿ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯಿಂದ ಆರಂಭವಾದ ಈ ಸರಳ ಪದ್ಧತಿಯಲ್ಲಿ ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಆಯ್ದ ಮಂತ್ರಗಳನ್ನೂ ಪ್ರತಿಜ್ಞೆಗಳನ್ನೂ ಓದಲಾಗುತ್ತದೆ. ಸ್ವಾರಸ್ಯವೆಂದರೆ, ಆ ಮಂತ್ರಗಳ ಕಾರಣದಿಂದಲೇ ಇಂಗ್ಲೆಂಡಿನ ರಿಜಿಸ್ಟ್ರಾರ್ ಅದಕ್ಕೆ ಒಪ್ಪಿಗೆ ಕೊಡುವುದು ಕಷ್ಟ. ಪುರೋಹಿತರನ್ನು ಬಿಡುವುದು ಬೇರೆ, ಮಂತ್ರವನ್ನು ಬಿಡುವುದು ಬೇರೆ. ಕುವೆಂಪು ಮೊದಲನೆಯದನ್ನು ಕೇಳಿದರು, ಇಲ್ಲಿನ ಕಾನೂನು ಎರಡನೆಯದನ್ನು ಕೇಳುತ್ತದೆ.

ಹಾಗಾದರೆ ಅಜ್ಜಿ ಹಾಡಬಹುದೇ?

ಹಾಡಬಹುದು, ಆದರೆ ಆಯ್ದು ಹಾಡಬೇಕು. ವಾದಿರಾಜರ ‘ಲಕ್ಷ್ಮೀ ಶೋಭಾನೆ’ ಸ್ತುತಿಯಾದ್ದರಿಂದ ಅದನ್ನು ರಿಜಿಸ್ಟ್ರಾರ್ ಹೊರಟ ಮೇಲೆ ಹಾಡುವುದು ಸರಿ. ಹೆಣ್ಣೊಪ್ಪಿಸುವ ಹಾಡುಗಳು, ಬೀಗರನ್ನು ಹಾಸ್ಯ ಮಾಡುವ ಹಾಡುಗಳು, ತವರಿನ ಹಂಬಲದ ಪದಗಳು ಬಹುಮಟ್ಟಿಗೆ ಮನುಷ್ಯರ ಬಗ್ಗೆಯೇ ಇವೆ. ನಡುವೆ ಒಮ್ಮೆ ಗೌರಿಯ ಹೆಸರು ಬಂದರೆ 2005ರ ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ಸಾಹಿತ್ಯವನ್ನು ಇಂಗ್ಲಿಷಿಗೆ ಅನುವಾದಿಸಿ ಕೆಲವು ವಾರ ಮೊದಲೇ ರಿಜಿಸ್ಟ್ರಾರ್‌ಗೆ ತೋರಿಸಿ ಒಪ್ಪಿಗೆ ಪಡೆಯುವುದು ಜಾಣತನ.

ಕಾನೂನಿಗಿಂತ ದೊಡ್ಡ ತೊಡಕು ಇನ್ನೊಂದಿದೆ. ಸೋಬಾನೆಗೆ ಎತ್ತಿಕೊಡುವವರು ಒಬ್ಬರಿದ್ದರೆ ಸಾಲದು, ತಿರುಗಿ ಹೇಳುವವರು ಬೇಕು. ನಮ್ಮ ಮಕ್ಕಳು ಶಾಲೆಯ ಕ್ವಯರ್‌ಗಳಲ್ಲಿ ನಾಲ್ಕು ದನಿಗಳಲ್ಲಿ ಹಾಡಲು ಕಲಿತವರು. ಅವರಿಗೆ ನಾಲ್ಕು ಸೋಬಾನೆ ಪದಗಳನ್ನು ಕಲಿಸುವುದು ಯುಗಾದಿ, ದೀಪಾವಳಿಗೆ ಸೇರುವ ನಮ್ಮಂಥ ಸಂಘಗಳಿಗೆ ಅಸಾಧ್ಯವೇನಲ್ಲ. ಹಾಡು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಪದಗಳನ್ನು ಈ ವರ್ಷವೇ ಧ್ವನಿಮುದ್ರಿಸಿ ಬರೆದಿಟ್ಟುಕೊಳ್ಳೋಣ. ಕಾನೂನಿಗೆ ಇಬ್ಬರು ಸಾಕ್ಷಿಗಳ ರುಜು ಸಾಕು. ಮದುವೆ ಹುಡುಗಿಗೆ ಮಾತ್ರ ತನ್ನವರ ದನಿ ಬೇಕು.