ಮಕ್ಕಳು ಮಾಡಿದ ಕ್ಯಾಮೆರಾ

ಸಣ್ಣ ಕ್ಯಾಮೆರಾದ ಚರಿತ್ರೆಯನ್ನು ಬರೆಯುವವರೆಲ್ಲ ಜರ್ಮನಿಯ ವೆಟ್ಸ್‌ಲಾರ್ ಎಂಬ ಊರಿನಿಂದ ಆರಂಭಿಸುವುದು ವಾಡಿಕೆ. ನಾನೂ ಅಲ್ಲಿಂದಲೇ ಹೊರಡುತ್ತೇನೆ. ಆದರೆ ನಾನು ತಲುಪಬೇಕಾದ ಊರು ಅದಲ್ಲ. ಅಲ್ಲಿಂದ ಪೂರ್ವಕ್ಕೆ ಬಹುದೂರದಲ್ಲಿರುವ ಉಕ್ರೇನಿನ ಖಾರ್ಕಿವ್. ಹಳೆಯ ಪುಸ್ತಕಗಳಲ್ಲಿ ಅದು ಖಾರ್ಕೋವ್. ಆ ಊರಿನ ಕ್ಯಾಮೆರಾದ ಕಥೆ ಒಬ್ಬ ಮೇಷ್ಟ್ರ ಕಥೆಯೂ ಹೌದಾದ್ದರಿಂದ, ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ನನ್ನಂಥವಳಿಗೆ ಅದರ ಬಗ್ಗೆ ಮಾತನಾಡುವ ಹಕ್ಕು ಸ್ವಲ್ಪ ಇದೆ ಎಂದುಕೊಂಡಿದ್ದೇನೆ.

ವೆಟ್ಸ್‌ಲಾರಿನಲ್ಲಿ ಸೂಕ್ಷ್ಮದರ್ಶಕಗಳಿಗೆ ಹೆಸರಾದ ಲೈಟ್ಸ್ ಕಂಪನಿ ಇತ್ತು. ಅಲ್ಲಿ ಆಸ್ಕರ್ ಬಾರ್ನಾಕ್ ಎಂಬ ಯಂತ್ರನಿಪುಣನಿದ್ದ. ಅವನಿಗೆ ಗೂರಲು ರೋಗ. ಜೊತೆಗೆ ಬೆಟ್ಟಗುಡ್ಡ ಸುತ್ತಿ ಚಿತ್ರ ತೆಗೆಯುವ ಹುಚ್ಚು. ಆಗಿನ ಕ್ಯಾಮೆರಾ ಎಂದರೆ ಗಾಜಿನ ತಟ್ಟೆಗಳು, ಮುಕ್ಕಾಲಿ ಪೀಠ, ಎಲ್ಲ ಸೇರಿ ಒಂದು ಹೊರೆ. ಉಸಿರಿಗೆ ಕಷ್ಟಪಡುವವನು ಆ ಹೊರೆ ಹೊತ್ತು ಗುಡ್ಡ ಹತ್ತುವುದುಂಟೇ? ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಅಗಲದ ಫಿಲ್ಮನ್ನು ಅವನು ಸಣ್ಣದೊಂದು ಪೆಟ್ಟಿಗೆಯಲ್ಲಿ ಅಡ್ಡಲಾಗಿ ಓಡಿಸಿದ. ಸಿನಿಮಾದ ಎರಡು ಚೌಕಟ್ಟುಗಳಷ್ಟು ಜಾಗ, ಅಂದರೆ 24×36 ಮಿಲಿಮೀಟರ್, ಒಂದು ಚಿತ್ರಕ್ಕೆ ಸಾಕೆಂದು ಕಂಡುಕೊಂಡ. 1914ರ ಹೊತ್ತಿಗೆ ಮಾದರಿ ಸಿದ್ಧವಾಗಿತ್ತು. ಅಷ್ಟರಲ್ಲಿ ಮಹಾಯುದ್ಧ ಬಂತು. ಕೊನೆಗೆ 1925ರಲ್ಲಿ ಲೈಪ್‌ಸಿಗ್ ಮೇಳದಲ್ಲಿ ಅದು ಜನರ ಮುಂದೆ ಬಂದಾಗ ಅದಕ್ಕೆ ಲೈಕಾ ಎಂಬ ಹೆಸರು ಬಂದಿತ್ತು. ‘ಲೈಟ್ಸ್’ನ ‘ಲೈ’, ‘ಕ್ಯಾಮೆರಾ’ದ ‘ಕಾ’.

ಆ ಮೊದಲ ಲೈಕಾದಲ್ಲಿ ಒಂದು ತೊಡಕಿತ್ತು. ಎದುರಿನ ಮನುಷ್ಯ ಎಷ್ಟು ದೂರದಲ್ಲಿದ್ದಾನೆಂಬುದನ್ನು ಕಣ್ಣಂದಾಜಿನಲ್ಲಿ ಹೇಳಿ ಲೆನ್ಸನ್ನು ತಿರುಗಿಸಬೇಕಿತ್ತು. ಅಂದಾಜು ತಪ್ಪಿದರೆ ಚಿತ್ರ ಮಸುಕು. ದೂರವನ್ನು ಅಳೆಯುವ ರೇಂಜ್‌ಫೈಂಡರನ್ನು ಲೆನ್ಸಿಗೇ ಜೋಡಿಸಿದ ಲೈಕಾ 1932ರಲ್ಲಿ ಬಂತು. ಅದರ ತತ್ತ್ವ ತುಂಬ ಸರಳ. ಒಂದು ಪೆನ್ಸಿಲನ್ನು ಮೂಗಿನ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಪೆನ್ಸಿಲು ಆಚೆ ಈಚೆ ಜಿಗಿಯುತ್ತದೆ. ಹತ್ತಿರವಿದ್ದರೆ ಹೆಚ್ಚು ಜಿಗಿತ, ದೂರವಿದ್ದರೆ ಕಡಿಮೆ. ರೇಂಜ್‌ಫೈಂಡರಿಗೂ ಹೀಗೆಯೇ ಎರಡು ಕಣ್ಣು, ಎರಡು ಪುಟ್ಟ ಕಿಟಕಿಗಳು. ಅವು ತೋರಿಸುವ ಎರಡು ಬಿಂಬಗಳು ಒಂದರ ಮೇಲೊಂದು ಕೂಡುವವರೆಗೆ ಲೆನ್ಸನ್ನು ತಿರುಗಿಸಿದರೆ ದೂರ ತಾನಾಗಿ ಹೊಂದಿಕೊಳ್ಳುತ್ತದೆ. ಹೈಸ್ಕೂಲಿನ ತ್ರಿಕೋನದ ಪಾಠ ಅಂಗೈಯಗಲದ ಯಂತ್ರದಲ್ಲಿ ಕೂತಿದೆ, ಅಷ್ಟೇ.

ಆದರೆ ಬೆಲೆ? ಅದು ಸಿರಿವಂತರ ಸೊತ್ತಾಗಿತ್ತು. ಲೈಕಾದ ಕಣ್ಣೆಂದೇ ಹೆಸರಾದ ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸೋನ್ ನೂಲಿನ ಉದ್ಯಮದ ಶ್ರೀಮಂತ ಮನೆತನದಲ್ಲಿ ಹುಟ್ಟಿದವರು. ಕೂಲಿಕಾರನೋ ಶಾಲಾ ಮಾಸ್ತರನೋ ಅಂಗಡಿಯ ಗಾಜಿನಾಚೆಯಿಂದ ನೋಡಿ ಮುಂದೆ ಹೋಗಬೇಕಿತ್ತು. ಹಾಗಾದರೆ ಈ ಯಂತ್ರ ಸಾಮಾನ್ಯರ ಕೈಗೆ ಬಂದದ್ದು ಹೇಗೆ? ಇಲ್ಲಿ ನಮ್ಮ ಮೇಷ್ಟ್ರು ಪ್ರವೇಶಿಸುತ್ತಾರೆ.

ಆಂಟನ್ ಮಕರೆಂಕೊ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಬಿ.ಎಡ್. ಓದುವಾಗ. ರೂಸೋ, ಫ್ರೋಬೆಲ್, ಮಾಂಟೆಸ್ಸೊರಿಯರ ಸಾಲಿನ ಕೊನೆಯಲ್ಲಿ ಅವರಿಗೂ ಎರಡು ಸಾಲು ಜಾಗವಿತ್ತು. ಆಗ ಸೋವಿಯತ್ ಪುಸ್ತಕಗಳು ಅಗ್ಗಕ್ಕೆ ಸಿಗುತ್ತಿದ್ದವು; ಅವರ ‘ರೋಡ್ ಟು ಲೈಫ್’ ನನ್ನ ಕೈಗೆ ಬಂದದ್ದೂ ಹಾಗೆಯೇ. ಕ್ರಾಂತಿ, ಅಂತರ್ಯುದ್ಧ, ಬರಗಾಲಗಳಿಂದ ಆ ನಾಡಿನಲ್ಲಿ ಲಕ್ಷಾಂತರ ಮಕ್ಕಳು ದಿಕ್ಕಿಲ್ಲದೆ ಬೀದಿಗೆ ಬಿದ್ದಿದ್ದರು. ರೈಲುನಿಲ್ದಾಣಗಳಲ್ಲಿ ಮಲಗುತ್ತ, ಕದಿಯುತ್ತ ಬದುಕುತ್ತಿದ್ದ ಹುಡುಗರು. ಅಂಥವರಿಗಾಗಿ 1920ರಲ್ಲಿ ಪೋಲ್ಟಾವಾ ಬಳಿ ಮಕರೆಂಕೊ ಒಂದು ವಸತಿಯನ್ನು ಆರಂಭಿಸಿದರು. ಬಂದ ಹುಡುಗನ ಹಳೆಯ ಅಪರಾಧಗಳ ಕಡತವನ್ನು ಕೆದಕಬಾರದು ಎಂಬುದು ಅವರ ನಿಯಮಗಳಲ್ಲೊಂದು. ತರಗತಿಗೆ ಕಾಲಿಡುವ ಮೊದಲೇ ‘ಅವನು ಅಂಥವನು’ ಎಂದು ಹಣೆಪಟ್ಟಿ ಕಟ್ಟುವ ನಮ್ಮ ಸ್ಟಾಫ್ ರೂಮುಗಳಲ್ಲಿ ಈ ನಿಯಮವನ್ನು ಗೋಡೆಗೆ ಬರೆಸಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

1927ರ ಕೊನೆಗೆ ಖಾರ್ಕಿವ್‌ನಲ್ಲಿ ಇಂಥದೇ ಇನ್ನೊಂದು ವಸತಿ ಶುರುವಾಯಿತು. ಅದಕ್ಕೆ ಸೋವಿಯತ್ ರಹಸ್ಯ ಪೊಲೀಸಿನ ಮೊದಲ ಮುಖ್ಯಸ್ಥ ಫೆಲಿಕ್ಸ್ ಎದ್ಮುಂದೊವಿಚ್ ಜೆರ್ಜಿನ್‌ಸ್ಕಿಯ ಹೆಸರನ್ನಿಟ್ಟರು. ಮಕರೆಂಕೊ ಅದನ್ನು 1935ರವರೆಗೆ ನಡೆಸಿದರು. ಮಕ್ಕಳು ದಿನಕ್ಕೆ ನಾಲ್ಕು ಗಂಟೆ ಕಾರ್ಖಾನೆಯಲ್ಲಿ ದುಡಿಯಬೇಕು, ಮಿಕ್ಕ ಹೊತ್ತಿನಲ್ಲಿ ಶಾಲೆಯಲ್ಲಿ ಓದಬೇಕು. ಮೊದಲು ಮರದ ಪೀಠೋಪಕರಣ. ಆಮೇಲೆ 1932ರ ಆರಂಭದಲ್ಲಿ ವಿದ್ಯುತ್ ಡ್ರಿಲ್ಲುಗಳು. ಅದೇ ವರ್ಷ ಜರ್ಮನಿಯಿಂದ ಬಂದ ಲೈಕಾವನ್ನು ಬಿಚ್ಚಿ ಭಾಗಭಾಗವಾಗಿ ಅಳೆದು ಮೊದಲ ಮಾದರಿಗಳನ್ನು ಕೂಡಿಸಿದರು. 1934ರಿಂದ ಸಾಲಾಗಿ ಉತ್ಪಾದನೆ ನಡೆಯಿತು. ಫೆಲಿಕ್ಸ್, ಎದ್ಮುಂದೊವಿಚ್, ಜೆರ್ಜಿನ್‌ಸ್ಕಿ ಎಂಬ ಮೂರು ಹೆಸರುಗಳ ಮೊದಲಕ್ಷರ ಕೂಡಿ ಕ್ಯಾಮೆರಾದ ಹೆಸರು ‘ಫೆಡ್’ ಎಂದಾಯಿತು.

ಒಂದು ಕ್ಷಣ ಯೋಚಿಸಿ. ಕ್ಯಾಮೆರಾ ಎಂದರೆ ಕುರ್ಚಿ ಮೇಜಲ್ಲ. ನೂರಾರು ಬಿಡಿಭಾಗಗಳು, ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆ. ಎರಡು ಮೂರು ವರ್ಷಗಳ ಹಿಂದೆ ಜೇಬಿಗೆ ಕೈಹಾಕುತ್ತಿದ್ದ ಹುಡುಗ ಈಗ ಲೇಥಿನ ಮುಂದೆ ನಿಂತು ಅದೇ ಬೆರಳುಗಳಿಂದ ಈ ಕೆಲಸ ಮಾಡಿದ. ಎಂಜಿನಿಯರುಗಳೂ ನುರಿತ ಕೆಲಸಗಾರರೂ ಜೊತೆಗಿದ್ದರೆಂಬುದು ನಿಜ. ಆದರೆ ‘ಇವರಿಂದ ಏನಾದೀತು’ ಎಂದವರಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಯಾವ ಶಿಕ್ಷಣಶಾಸ್ತ್ರದ ಗ್ರಂಥವೂ ಕೊಟ್ಟಿಲ್ಲ.

ಹಾಗೆಂದು ಇದನ್ನು ಬರಿಯ ಹೊಗಳಿಕೆಯ ಕಥೆಯಾಗಿ ಹೇಳಿ ಮುಗಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ವಸತಿಯ ಬೆನ್ನಿಗಿದ್ದದ್ದು ರಹಸ್ಯ ಪೊಲೀಸು. ಮಕ್ಕಳಿಗೆ ಮಂಚ, ಹಾಸಿಗೆ, ಸ್ವಚ್ಛ ಬಟ್ಟೆ ಕೊಟ್ಟ ಅದೇ ವ್ಯವಸ್ಥೆ ಎಷ್ಟೋ ಮಕ್ಕಳ ತಂದೆತಾಯಿಯರನ್ನು ಎಳೆದೊಯ್ದಿತ್ತು. ಮೊದಲ ಫೆಡ್‌ಗಳು ಸಿದ್ಧವಾದ 1932 ಮತ್ತು 33 ಉಕ್ರೇನಿನ ಮಹಾಕ್ಷಾಮದ ವರ್ಷಗಳು. ಸರ್ಕಾರ ರೈತರ ಕಣಜಗಳನ್ನು ಬರಿದು ಮಾಡಿದ್ದರಿಂದ ಹಳ್ಳಿಗಳಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಅನ್ನ ಹುಡುಕುತ್ತ ಖಾರ್ಕಿವ್‌ವರೆಗೆ ನಡೆದು ಬಂದು ಬೀದಿಯಲ್ಲಿ ಬಿದ್ದವರೂ ಇದ್ದರು. ಕಾರ್ಖಾನೆಯ ಗೋಡೆಯೊಳಗೆ ಮಕ್ಕಳು ಲೆನ್ಸು ಉಜ್ಜುತ್ತಿದ್ದಾಗ ಹೊರಗೆ ನಡೆಯುತ್ತಿದ್ದದ್ದು ಇದು. ಇನ್ನು ಮಕ್ಕಳ ದುಡಿಮೆಯ ಪ್ರಶ್ನೆ. ನಾಲ್ಕು ಗಂಟೆಯಾದರೂ ಕಾರ್ಖಾನೆಯ ದುಡಿಮೆ ದುಡಿಮೆಯೇ. ಬೀಡಿ ಸುತ್ತಿ ಬೆರಳು ನೋಯಿಸಿಕೊಂಡು ಶಾಲೆಗೆ ಬರುತ್ತಿದ್ದ ಹುಡುಗಿಯರಿಗೆ ಪಾಠ ಹೇಳಿದ ನಾನು ಅದನ್ನು ಸುಲಭವಾಗಿ ಮೆಚ್ಚಲಾರೆ. ವ್ಯತ್ಯಾಸವಿರುವುದು ಒಂದೇ ಕಡೆ: ಅಲ್ಲಿ ದುಡಿಮೆ ಶಾಲೆಯನ್ನು ನುಂಗಲಿಲ್ಲ. ಓದು, ಸಂಗೀತ, ನಾಟಕ ಎಲ್ಲಕ್ಕೂ ಹೊತ್ತಿತ್ತು, ದುಡಿದದ್ದಕ್ಕೆ ಕೂಲಿಯೂ ಇತ್ತು. ಮಕರೆಂಕೊ ಕಾವಲು ಕಾದದ್ದು ಆ ಗೆರೆಯನ್ನು. ಆ ಮೇಷ್ಟ್ರನ್ನು ಮೆಚ್ಚುವುದಕ್ಕಾಗಿ ಆ ಸರ್ಕಾರವನ್ನು ಮೆಚ್ಚಬೇಕಾಗಿಲ್ಲ.

ಮುಂದಿನ ಕಥೆ ಬೇಗ ಹೇಳಬಹುದು. 1941ರಲ್ಲಿ ಹಿಟ್ಲರನ ಸೈನ್ಯ ನುಗ್ಗಿದಾಗ ಕಾರ್ಖಾನೆಯನ್ನು ಸೈಬೀರಿಯದ ಬೆರ್ದ್‌ಸ್ಕ್‌ಗೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ಮಾಸ್ಕೋ ಹತ್ತಿರದ ಕ್ರಾಸ್ನಗೋರ್ಸ್ಕ್‌ನಲ್ಲೂ ಫೆಡ್ ತಯಾರಾಯಿತು. 1948ರಿಂದ ಅದೇ ಜೋರ್ಕಿ ಎಂಬ ಹೆಸರು ಪಡೆಯಿತು. ಜರ್ಮನಿಯ ಇನ್ನೊಂದು ಹೆಸರಾಂತ ಕ್ಯಾಮೆರಾ ಕಾಂಟ್ಯಾಕ್ಸ್‌ನ ಯಂತ್ರಗಳನ್ನೇ ಯುದ್ಧಪರಿಹಾರವಾಗಿ ಕೀವ್‌ಗೆ ಒಯ್ದು, ಅಲ್ಲಿ ಕೀವ್ ಎಂಬ ಕ್ಯಾಮೆರಾ ಮಾಡಿದರು. ಜಪಾನಿನವರೂ ಸುಮ್ಮನಿರಲಿಲ್ಲ. 1961ರಲ್ಲಿ ಕ್ಯಾನನ್ ಕಂಪನಿಯ ಕ್ಯಾನನೆಟ್, 1966ರಲ್ಲಿ ಯಾಶಿಕಾ ಇಲೆಕ್ಟ್ರೊ 35 ಬಂದವು. ಹೀಗೆ ಒಬ್ಬ ಗೂರಲು ರೋಗಿಯ ಪೆಟ್ಟಿಗೆ ನಲವತ್ತು ವರ್ಷಗಳಲ್ಲಿ ಸಂಬಳದವರ ಮನೆಗೂ ತಲುಪಿತು.

ಈಗ ರೀಲು ಕ್ಯಾಮೆರಾದ ಕಾಲ ಮುಗಿಯಿತೆಂದುಕೊಂಡವರಿಗೆ ಆಶ್ಚರ್ಯವಾಗಬಹುದು. ಹುಡುಗರಲ್ಲಿ ಮತ್ತೆ ಅದರ ಗೀಳು ಹತ್ತಿದೆ. ನನ್ನ ತಮ್ಮನ ಮಗನೂ ಅವರಲ್ಲೊಬ್ಬ. “ಅತ್ತೆ, ಲೈಕಾ ನನ್ನ ಆರು ತಿಂಗಳ ಸಂಬಳ. ಕಡಿಮೆಗೆ ಯಾವುದು ತಗೊಳ್ಳಲಿ, ಲೆನ್ಸ್ ಯಾವುದು?” ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಲೆನ್ಸ್ ಬದಲಿಸುವ ಆಸೆಯಿಲ್ಲದಿದ್ದರೆ ಯಾಶಿಕಾ ಸಾಕು. ಬೆಳಕಿನ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ. ಆದರೆ ಅದಕ್ಕೆ ಬೇಕಾದ ಹಳೆಯ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ; ಬದಲಿ ಹೊಂದಿಸಿಕೊಳ್ಳಬೇಕು. ಕಲಿಯುವ ಆಸೆಯಿದ್ದವರಿಗೆ 1955ರಲ್ಲಿ ಬಂದ ಫೆಡ್ 2 ಒಳ್ಳೆಯದು. ಬ್ಯಾಟರಿಯೇ ಬೇಡ. ರೇಂಜ್‌ಫೈಂಡರಿನ ಎರಡು ಕಿಟಕಿಗಳ ನಡುವೆ 67 ಮಿಲಿಮೀಟರ್ ಅಂತರ. ಅಂತರ ಹೆಚ್ಚಿದಷ್ಟೂ ಅಳತೆ ನಿಖರ. ಹಿಂಬದಿ ಪೂರ್ತಿ ಬಿಚ್ಚಿಕೊಳ್ಳುವುದರಿಂದ ರೀಲು ಹಾಕುವುದು ಸುಲಭ. ನಿಧಾನದ ಷಟರ್ ವೇಗಗಳೂ ಬೇಕೆಂದರೆ ಜೋರ್ಕಿ 4 ಇದೆ. ಎರಡರಲ್ಲೂ ಒಂದು ವ್ರತ ಪಾಲಿಸಬೇಕು: ಮೊದಲು ರೀಲು ಮುಂದಕ್ಕೆ ತಿರುಗಿಸಿ, ಆಮೇಲೆ ವೇಗದ ಗುಂಡಿ ತಿರುಗಿಸಬೇಕು. ಹಿಂದುಮುಂದಾದರೆ ಯಂತ್ರ ಕೆಡಬಹುದು.

ಲೆನ್ಸಿನ ವಿಷಯ. ಇವೆಲ್ಲಕ್ಕೂ 39 ಮಿಲಿಮೀಟರ್ ತಿರುಪು, ಹಳೆಯ ಲೈಕಾದ್ದೇ ಅಳತೆ. ಇಂಡಸ್ಟಾರ್ 26 ಅಥವಾ 61 ಕಡಿಮೆ ಬೆಲೆಗೆ ಸಿಗುತ್ತವೆ. ಹಗಲಿನ ಚಿತ್ರಗಳಿಗೆ ಧಾರಾಳ. ಸಂಜೆ ಬೆಳಕಿಗೆ, ಮುಖಗಳಿಗೆ ಜುಪಿಟರ್ 8 ಮೇಲು. ಅದು ಜರ್ಮನಿಯ ಲುಡ್ವಿಗ್ ಬೆರ್ಟೆಲೆ ರೂಪಿಸಿದ ಸೊನ್ನಾರ್ ಲೆನ್ಸಿನ ಸಂತಾನ. 1930ರ ದಶಕದ ಮೊದಲ ಫೆಡ್‌ಗಳಲ್ಲಿ ಮಾತ್ರ ಒಂದು ಎಚ್ಚರ: ಆಗ ಪ್ರತಿ ಲೆನ್ಸನ್ನೂ ಅದರ ಪೆಟ್ಟಿಗೆಗೇ ಹೊಂದಿಸಿ ಕಳಿಸುತ್ತಿದ್ದರು. ಜೋಡಿ ಅಗಲಿದ್ದರೆ ಚಿತ್ರ ಸ್ಫುಟವಾಗಿ ಬಾರದು.

ಕೊಳ್ಳುವ ಮುನ್ನ ಮೂರು ಪರೀಕ್ಷೆ. ಲೆನ್ಸ್ ತೆಗೆದು ಷಟರಿನ ಬಟ್ಟೆಯ ಪರದೆಯನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಬೇಡ. ದೂರದ ಗೋಪುರವನ್ನೋ ಟವರನ್ನೋ ನೋಡಿ ಎರಡು ಬಿಂಬ ಕೂಡುತ್ತವೆಯೇ ಗಮನಿಸಿ. ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟಿದೆಯೇ ಹುಡುಕಿ; ಮಳೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಚಿನ್ನದ ಬಣ್ಣ ಬಳಿದು ನಾಜಿ ಗುರುತು ಕೆತ್ತಿದ ‘ಅಪರೂಪದ ಲೈಕಾ’ ಎಂದು ಯಾರಾದರೂ ತೋರಿಸಿದರೆ ನಕ್ಕು ಮುಂದೆ ಹೋಗಿ. ಅವು ಹೆಚ್ಚಾಗಿ ವೇಷ ಹಾಕಿದ ಫೆಡ್ ಮತ್ತು ಜೋರ್ಕಿಗಳು.

ಲೆನ್ಸಿನ ಮುಚ್ಚಳ ತೆಗೆಯುವುದನ್ನೂ ಮರೆಯಬಾರದು. ಈ ಜಾತಿಯ ಕ್ಯಾಮೆರಾದಲ್ಲಿ ನೋಡುವ ಕಿಟಕಿಯೇ ಬೇರೆ, ಚಿತ್ರ ಹಿಡಿಯುವ ಕಣ್ಣೇ ಬೇರೆ. ಮುಚ್ಚಳ ಹಾಕಿದ್ದರೂ ನಮಗೆ ಎಲ್ಲ ಚೆನ್ನಾಗಿ ಕಾಣುತ್ತಿರುತ್ತದೆ, ರೀಲು ಮಾತ್ರ ಕಪ್ಪಿನಲ್ಲಿರುತ್ತದೆ. ಚರಿತ್ರೆ ಓದುವವರಿಗೂ ಇಂಥ ಅಪಾಯವುಂಟು.

2022ರ ಫೆಬ್ರವರಿಯಲ್ಲಿ ರಷ್ಯ ದಾಳಿಯಿಟ್ಟಾಗ ಖಾರ್ಕಿವ್‌ನ ಹೆಸರು ನಮ್ಮ ಪತ್ರಿಕೆಗಳಲ್ಲಿ ದಿನವೂ ಬಂತು. ವೈದ್ಯಕೀಯ ಓದಲು ಕರ್ನಾಟಕದಿಂದ ಹೋಗಿದ್ದ ಹುಡುಗನೊಬ್ಬ ಆ ಮಾರ್ಚ್ ಒಂದರಂದು ಅಲ್ಲಿ ತೀರಿಕೊಂಡ. ಅಂದು ಬೀದಿಮಕ್ಕಳಿಗೆ ಆಸರೆಯಾದ ಊರಿನ ಮಕ್ಕಳು ಮೆಟ್ರೊ ಸುರಂಗಗಳಲ್ಲಿ ಮಲಗಿದರು, ಅಲ್ಲಿಯೇ ಪಾಠ ಕೇಳಿದರು. ಕೆಲವು ಮೇಷ್ಟ್ರುಗಳಾದರೂ ಅವರ ಜೊತೆಗಿದ್ದರು ಎಂಬುದು ನನಗೆ ಸಮಾಧಾನ.

ಫೆಡ್ ಕ್ಯಾಮೆರಾದ ಮೇಲೆ ಕೆತ್ತಿರುವುದು ಪೊಲೀಸ್ ಮುಖ್ಯಸ್ಥನ ಹೆಸರು. ಅದನ್ನು ಮಾಡಿದ ಹುಡುಗ ಹುಡುಗಿಯರದಾಗಲಿ, ಅವರಿಗೆ ಕಲಿಸಿದವರದಾಗಲಿ ಹೆಸರು ಅದರಲ್ಲಿಲ್ಲ. ಅಗ್ಗದ ಕ್ಯಾಮೆರಾ ಕೊಳ್ಳುವವರು ಇಷ್ಟನ್ನು ತಿಳಿದು ಕೊಂಡರೆ ಸಾಕು. ಬೆಲೆಯಲ್ಲಿ ಅದು ಕಡಿಮೆಯಿರಬಹುದು. ಅದರ ಹಿಂದಿರುವ ದುಡಿಮೆ ಕಡಿಮೆಯದಲ್ಲ.