ಅಂಕಿಗಳ ಸಾಕ್ಷ್ಯ

ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದ ಕೋಲ್ಟ್ ಕಾರ್ಖಾನೆಯವರು 1873ರಲ್ಲಿ ನಿರ್ಮಿಸಲಾರಂಭಿಸಿದ, ಆ ದೇಶದ ಅಶ್ವದಳವು ಮೊದಲಿಗೇ ಎಂಟು ಸಹಸ್ರದಷ್ಟು ಕೊಂಡ ‘ಸಿಂಗಲ್ ಆ್ಯಕ್ಷನ್ ಆರ್ಮಿ’ ರಿವಾಲ್ವರನ್ನು ಸಂಗ್ರಾಹಕರು ಶಿಲಾಶಾಸನದಂತೆ ಅಕ್ಷರಶಃ ಓದುತ್ತಾರೆ. ಕ್ರಮಸಂಖ್ಯೆಯು ಒಂದರಿಂದ ಮೊದಲಾಗಿ ಮೂರೂವರೆ ಲಕ್ಷವನ್ನು ಮೀರಿ ನಡೆದುದರಿಂದ, ಅದನ್ನು ನೋಡಿದೊಡನೆ ನಿರ್ಮಾಣದ ವರ್ಷವು ಸ್ಥೂಲವಾಗಿ ತಿಳಿಯುತ್ತದೆ. ಆದರೆ ಚೌಕಟ್ಟಿನ ಮೇಲೂ, ಕುದುರೆಯನ್ನು (ಟ್ರಿಗರನ್ನು) ಬಳಸಿದ ಬಳೆಯ ಮೇಲೂ, ಹಿಡಿಯ ಬೆನ್ನುಪಟ್ಟಿಯ ಮೇಲೂ ಅದೇ ಸಂಖ್ಯೆಯಿದೆಯೇ ಎಂದು ನೋಡದೆ ನಿರ್ಣಯಕ್ಕೆ ಬರಲಾಗದು.

ಸಂಖ್ಯೆಯನ್ನು ಲೋಹವೇ ಸಮರ್ಥಿಸಬೇಕು. ಗುಂಡಿನ ಉರುಳೆಯ ಅಚ್ಚುಗೂಟವನ್ನು ಚೌಕಟ್ಟಿನ ಮುಂಭಾಗದಿಂದ ಬಿಗಿದ ತಿರುಪು ಹಿಡಿದಿದ್ದರೆ ಅದು ಕಪ್ಪು ಮದ್ದಿನ ಕಾಲದ್ದು. 1890ರ ದಶಕದಲ್ಲಿ ಬಂದ, ಅಡ್ಡಲಾಗಿ ಒತ್ತುವ ಸ್ಪ್ರಿಂಗಿನ ಗೂಟವಿದ್ದರೆ ತರುವಾಯದ್ದು.

ಇಲ್ಲಿ ಆತುರವು ಅನ್ಯಾಯಕ್ಕೆಡೆಗೊಡುತ್ತದೆ. 1895ರಿಂದ ಸರ್ಕಾರವು ಹಳೆಯ ಅಶ್ವದಳದ ರಿವಾಲ್ವರುಗಳ ಏಳೂವರೆ ಅಂಗುಲದ ನಳಿಗೆಯನ್ನು ಐದೂವರೆಗೆ ಇಳಿಸಿ, ಬಿಡಿಭಾಗಗಳನ್ನು ಬೆರೆಸಿ ಜೋಡಿಸಿತು. ಅಂತಹ ‘ಆರ್ಟಿಲರಿ’ ಮಾದರಿಯಲ್ಲಿ ಬೆರಕೆ ಸಂಖ್ಯೆಗಳೇ ಸಹಜ. ಕಾರ್ಖಾನೆಯ ದಫ್ತರದಿಂದ ಪಡೆಯುವ ಪತ್ರವು ರಿವಾಲ್ವರು ಹೊರಟ ದಿನವನ್ನೂ ಸೇರಿದ ವಿಳಾಸವನ್ನೂ ಹೇಳೀತು. ತರುವಾಯ ಅದಕ್ಕೇನಾಯಿತೆಂಬುದನ್ನು ಹೇಳದು. ಹೊಳಪಿನ ಆಸೆಯಿಂದ ಉಜ್ಜಿಸಿದ ರಿವಾಲ್ವರನ್ನು ಕಂಡರೆ ನನಗೆ ಮರುಕವೇ ಆಗುತ್ತದೆ: ಚೂಪಾಗಿರಬೇಕಾದ ಅಂಚುಗಳು ದುಂಡಗಾಗಿ, ಪೇಟೆಂಟಿನ ತಾರೀಖುಗಳು ಅರ್ಧ ಅಳಿಸಿ, ತಿರುಪಿನ ತೂತುಗಳ ಸುತ್ತ ಲೋಹವು ತಟ್ಟೆಯಂತೆ ತಗ್ಗಿರುತ್ತದೆ.